ಊರಿಗೇ ಒಳ್ಳೆಯ ಗಾಳಿ

ನಗರಗಳ ಚರಿತ್ರೆ ಬರೆಯುವವರು ಕೋಟೆಯಿಂದಲೋ ಮುತ್ತಿಗೆಯಿಂದಲೋ ಯಾವುದಾದರೂ ದೊಡ್ಡ ಬೆಂಕಿಯಿಂದಲೋ ಆರಂಭಿಸುವುದು ರೂಢಿ. ನಮ್ಮ ಬೀದಿಯ ಚರಿತ್ರೆಯನ್ನು ಒಂದು ದಿಂಬಿನ ಕವರಿನಿಂದ ಆರಂಭಿಸದೆ ಗತ್ಯಂತರವಿಲ್ಲ. ಅದು ಬಿಳಿಯ ಕವರು, ಒಂದು ಬದಿಗೆ ನಾಲ್ಕು ಗುಂಡಿಗಳಿದ್ದದ್ದು. ಒಂದು ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಹಗ್ಗದಿಂದ ತೆಗೆದಾಗ ಅದು ಬಿಳಿಯಾಗಿರಲಿಲ್ಲ. ಈ ಗಂಭೀರ ಸಂಗತಿಯನ್ನು ಗಮನಿಸಿದವರು ಹದಿನಾಲ್ಕನೇ ನಂಬರಿನ ಲಾಂಡ್ರಿ ಅಕ್ಕ. ಗಮನಿಸಿದ್ದು ಅವರಾದ್ದರಿಂದಲೇ ಅದು ಚರಿತ್ರೆಯಾಯಿತು. ನಮ್ಮಲ್ಲಿ ಬೇರೆ ಯಾರೇ ಆಗಿದ್ದರೂ ಅದನ್ನು ದಿಂಬಿಗೆ ತೊಡಿಸಿ ಅದರ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದೆವು.

ಲಾಂಡ್ರಿ ಅಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು, ಕೊನೆಯ ಹನ್ನೆರಡು ವರ್ಷ ಅದರ ಮುಖ್ಯಸ್ಥೆಯಾಗಿದ್ದು ನಿವೃತ್ತರಾದವರು. ಅವರ ಲೆಕ್ಕದಲ್ಲಿ ಬಿಳಿ ಎಂಬುದು ಒಂದು ಬಣ್ಣವಲ್ಲ, ಆರು ಬಣ್ಣ. ಹಾಲುಬಿಳಿ, ಸುಣ್ಣಬಿಳಿ, ಮೊಟ್ಟೆಬಿಳಿ, ಹಲ್ಲುಬಿಳಿ, ಮೂಳೆಬಿಳಿ. ಆರನೆಯದಕ್ಕೆ ಹೆಸರು ‘ಛೀ’. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಗೆ ಮೊದಲೆರಡು, ವಾರ್ಡಿಗೆ ನಡುವಿನೆರಡು, ನೆಲ ಒರೆಸುವುದಕ್ಕೆ ಮೂಳೆಬಿಳಿ. ಛೀ ಎನ್ನಿಸಿಕೊಂಡದ್ದು ಅವರ ಕಾಲದಲ್ಲಿ ಬಾಗಿಲು ದಾಟಿ ಹೊರಗೆ ಹೋದದ್ದಿಲ್ಲ. ಆ ಬುಧವಾರ ಅವರು ದಿಂಬಿನ ಕವರನ್ನು ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದು, ಮತ್ತೆ ಬೆಳಕಿಗೆ ಹಿಡಿದು, ಬಾಲ್ಕನಿಯಿಂದಲೇ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು: “ಛೀ.”

ಕೆಳಗಿನ ಅಂಗಡಿಯಲ್ಲಿ ಹೊಲಿಯುತ್ತಿದ್ದ ಟೈಲರು ತಲೆ ಎತ್ತಿ, “ಯಾರಿಗೆ ಅಕ್ಕಾ ಅಂದದ್ದು, ನನಗಾ?” ಎಂದ.

“ನಿನಗೆ ಅನ್ನೋಕೆ ಬೇರೆ ಮಾತಿದೆ, ಸುಮ್ಮನೆ ಹೊಲಿ. ಎದುರುಗಡೆ ಕಟ್ಟಡದವರಿಗೆ ಅಂದೆ.”

ಎದುರುಗಡೆ, ಹಿಂದೆ ಹುಡುಗರು ಚೆಂಡಾಡುತ್ತಿದ್ದ ಬಯಲಿನಲ್ಲಿ, ಹದಿನೆಂಟು ಅಂತಸ್ತಿನ ಕಟ್ಟಡಕ್ಕೆ ಪಾಯ ತೆಗೆದು ಆಗಲೇ ಮೂರು ತಿಂಗಳಾಗಿತ್ತು. ಅದಕ್ಕೆ ಲಾರಿಗಳು ಬರಬೇಕೆಂದು ಬೀದಿಯನ್ನು ಅಗಲ ಮಾಡಿದ್ದರು. ಅಗಲ ಮಾಡಬೇಕೆಂದು ಎರಡೂ ಬದಿಯ ಮರಗಳನ್ನು ಕಡಿದಿದ್ದರು. ಮರ ಕಡಿದ ಮೇಲೆ ಬೀದಿ ಎಷ್ಟು ಅಗಲವಾಗಿ ಕಂಡಿತೆಂದರೆ, ಇನ್ನೂ ಎರಡು ಕಟ್ಟಡಗಳಿಗೆ ಜಾಗ ಇದೆಯಲ್ಲ ಎಂದು ಯಾರಿಗೋ ಹೊಳೆಯಿತು.

ಇನ್ನು ಲಾಂಡ್ರಿ ಅಕ್ಕನ ಗಂಡ. ಇಡೀ ಬೀದಿಗೆ ಅವರು ‘ತಕ್ಕಡಿ’. ಎದುರಿಗೆ ‘ಸಾರ್’, ಬೆನ್ನ ಹಿಂದೆ ತಕ್ಕಡಿ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಇನ್ಸ್‌ಪೆಕ್ಟರಾಗಿದ್ದು, ಅಂಗಡಿ ಅಂಗಡಿಗೂ ಹೋಗಿ ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿದವರು. ಹಿತ್ತಾಳೆಯ ಮಾದರಿ ಕಲ್ಲುಗಳನ್ನು ಅವರು ಬರಿಗೈಯಿಂದ ಮುಟ್ಟಿದವರಲ್ಲ. ಬೆವರು ಕೂಡ ತೂಕವೇ ಎಂಬುದು ಅವರ ಸಿದ್ಧಾಂತ. ನಿವೃತ್ತರಾಗಿ ವರ್ಷಗಳೇ ಕಳೆದರೂ ಅವರು ಚೀಲ ಹಿಡಿದು ಮಾರುಕಟ್ಟೆಗೆ ಕಾಲಿಟ್ಟರೆ ಸಾಕು, ಅಂಗಡಿಯವರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಗಾಳಿ ಅಳೆಯುವ ಯಂತ್ರ ಅವರ ಮನೆಗೆ ಬಂದದ್ದೂ ಈ ಖ್ಯಾತಿಯಿಂದಲೇ. ನಾವು ‘ಗಾಳಿ ಇಲಾಖೆ’ ಎಂದು ಕರೆಯುತ್ತಿದ್ದ ಕಚೇರಿಯವರು ನಮ್ಮ ಭಾಗದಲ್ಲಿ ಒಂದು ತಾರಸಿ ಹುಡುಕುತ್ತಿದ್ದರು. ಅವರಿಗೆ ಸಾಕಷ್ಟು ಎತ್ತರ ಬೇಕಿತ್ತು, ವಿದ್ಯುತ್ತು ಬೇಕಿತ್ತು, ಬೀಗದ ಕೈ ಇಟ್ಟುಕೊಳ್ಳಲು ಪ್ರಾಮಾಣಿಕನೊಬ್ಬ ಬೇಕಿತ್ತು. ಮೊದಲೆರಡು ಎಲ್ಲ ಮನೆಗಳಲ್ಲೂ ಇದ್ದವು. ಮೂರನೆಯದಕ್ಕಾಗಿ ಯಾರನ್ನು ಕೇಳಿದರೂ ಹದಿನಾಲ್ಕನೇ ನಂಬರು ತೋರಿಸಿದರು, ಸ್ವಲ್ಪ ನಿಟ್ಟುಸಿರಿನೊಂದಿಗೆ.

ಯಂತ್ರ ನೋಡುವುದಕ್ಕೆ ನಾಲ್ಕು ಕಾಲಿನ ಪಾರಿವಾಳದ ಗೂಡಿನ ಹಾಗಿತ್ತು. ಮೇಲೆ ಇಳಿಜಾರು ತಗಡು, ಒಳಗೆ ಗುಂಯ್ ಎನ್ನುವ ಮೋಟಾರು. ತಗಡಿನ ಕೆಳಗೆ ತಟ್ಟೆಯಗಲದ ಒಂದು ಬಿಳಿ ಕಾಗದ. ಸೋಮವಾರ ಮತ್ತು ಗುರುವಾರ ಬೆಳಗ್ಗೆ ಆರು ಗಂಟೆಗೆ ಇಲಾಖೆಯ ಒಬ್ಬಾತ ಬಂದು, ತೂಗಿ ತಂದ ಹೊಸ ಕಾಗದವನ್ನು ಚಿಮಟದಲ್ಲಿ ಹಿಡಿದು ಯಂತ್ರದೊಳಗೆ ಇಡುತ್ತಿದ್ದ. ಇಡೀ ದಿನ, ಇಡೀ ರಾತ್ರಿ ಯಂತ್ರ ಆ ಕಾಗದದ ಮೂಲಕ ಗಾಳಿ ಎಳೆಯುತ್ತಿತ್ತು. ಮರುದಿನ ಆರಕ್ಕೆ ಅದೇ ಕಾಗದವನ್ನು ಲಕೋಟೆಯಲ್ಲಿ ಹಾಕಿಕೊಂಡು ಹೋಗಿ ಮತ್ತೆ ತೂಗುತ್ತಿದ್ದರು. ಹೆಚ್ಚಾದ ತೂಕವೆಷ್ಟೋ ಅಷ್ಟು ಧೂಳು ನಮ್ಮ ಗಾಳಿಯಲ್ಲಿದೆ ಎಂದು ಲೆಕ್ಕ. ಆ ಸಂಖ್ಯೆ ಬಸ್ ನಿಲ್ದಾಣದ ದೀಪದ ಫಲಕದಲ್ಲಿ ಬೆಳಗುತ್ತಿತ್ತು: ಹಸಿರಾದರೆ ಒಳ್ಳೆಯದು, ಹಳದಿಯಾದರೆ ಪರವಾಗಿಲ್ಲ, ಕೆಂಪಾದರೆ ಬಾಯಿ ಮುಚ್ಚಿಕೊಂಡು ನಡೆಯಿರಿ.

ಈ ವಿಧಾನವನ್ನು ಕೇಳಿದ ದಿನ ತಕ್ಕಡಿಯವರು ಮೊಮ್ಮಗ ಹುಟ್ಟಿದಷ್ಟು ಸಂಭ್ರಮಪಟ್ಟರು. (ಅವರಿಗೆ ಮಕ್ಕಳಿರಲಿಲ್ಲ.) “ಇವಳೇ, ಕೇಳಿದೆಯಾ? ಗಾಳೀನೂ ತೂಗ್ತಾರಂತೆ! ನಾನು ಇಷ್ಟು ವರ್ಷ ಬರೀ ಬೇಳೆ ಸಕ್ಕರೆ ಹಿಂದೆ ಬಿದ್ದಿದ್ದೆ ನೋಡು.”

“ತೂಗಲಿ ಬಿಡಿ. ಆದರೆ ಆ ಮನುಷ್ಯ ಚಪ್ಪಲಿ ಕೆಳಗೆ ಬಿಟ್ಟು ಹತ್ತಬೇಕು, ಹೇಳಿ,” ಎಂದರು ಅಕ್ಕ.

ಆ ಮನುಷ್ಯನನ್ನು ನಾವು ಕಾಗದದವನು ಎನ್ನುತ್ತಿದ್ದೆವು. ಐವತ್ತು ದಾಟಿದವನು, ಬಾಯಿ ತುಂಬ ಮಾತು. ಚಪ್ಪಲಿ ಬಿಟ್ಟು, ತಕ್ಕಡಿಯವರಿಂದ ಬೀಗದ ಕೈ ಪಡೆದು, ಸುರುಳಿ ಮೆಟ್ಟಿಲು ಹತ್ತಿ ಹೋಗುತ್ತಿದ್ದ. ತಕ್ಕಡಿಯವರ ಮಂಡಿಗಳು ಸುರುಳಿ ಮೆಟ್ಟಿಲಿನ ಜೊತೆ ಮಾತು ಬಿಟ್ಟಿದ್ದರಿಂದ ಅವರು ಮೇಲೆ ಹತ್ತುತ್ತಿರಲಿಲ್ಲ. ಕೈ ಕೊಡುವುದು, ಕೈ ತೆಗೆದುಕೊಳ್ಳುವುದು, ಬಸ್ ನಿಲ್ದಾಣಕ್ಕೆ ಹೋಗಿ ಸಂಖ್ಯೆ ಓದುವುದು, ಇಷ್ಟು ಅವರ ಕೆಲಸ. ತಾರಸಿ ಅಕ್ಕನ ರಾಜ್ಯ.

ಈಗ ದಿಂಬಿನ ಕವರಿಗೆ ಬರೋಣ. ಅದು ಛೀ ಆದ ಬುಧವಾರದ ಮಾರನೆಯ ದಿನ ಗುರುವಾರ. ಅಂದರೆ ಹೊಸ ಯಂತ್ರಕ್ಕೆ ಮೊದಲ ಕಾಗದ ಇಡುವ ದಿನ. ಬಾಲ್ಕನಿಯಲ್ಲಿ ಎರಡೇ ಗಂಟೆ ಇದ್ದ ಕವರಿನ ಗತಿ ಇದಾದರೆ, ತಾರಸಿಯ ಮೇಲೆ ಇಡೀ ದಿನ ಇರುವ ಆ ಕಾಗದದ ಗತಿ ಏನು? ಅದೂ ಸರ್ಕಾರದ ಕಾಗದ, ಅದೂ ತನ್ನ ಮನೆಯ ಮೇಲಿಂದ ಹೋಗುವುದು, ಅದೂ ಹತ್ತು ಜನ ಕೈಯಲ್ಲಿ ಹಿಡಿದು ನೋಡುವುದು. ತನ್ನ ಮನೆಯಿಂದ ಛೀ ಎನ್ನಿಸಿಕೊಂಡ ಬಿಳಿ ಹೊರಗೆ ಹೋಗುವುದೆಂದರೆ ಅಕ್ಕನಿಗೆ ಅದು ಮರ್ಯಾದೆಯ ಪ್ರಶ್ನೆ.

ಆಸ್ಪತ್ರೆಯಲ್ಲಿ ಪಕ್ಕದ ವಿಭಾಗದ ಗೋಡೆ ಒಡೆಯುವಾಗೆಲ್ಲ ಅವರು ಒಂದು ಉಪಾಯ ಮಾಡುತ್ತಿದ್ದರು: ವಾರ್ಡಿನ ಬಾಗಿಲುಗಳಿಗೆ ಒದ್ದೆ ಬೆಡ್‌ಶೀಟು ಕಟ್ಟುವುದು. ಧೂಳು ಬಟ್ಟೆಗೆ ಅಂಟಿ ನಿಲ್ಲುತ್ತದೆ, ರೋಗಿಗೆ ಗಾಳಿ ಮಾತ್ರ ಹೋಗುತ್ತದೆ. ಅದನ್ನೇ ಇಲ್ಲಿಯೂ ಮಾಡಿದರು. ಕಾಗದದವನು ಕಾಗದ ಇಟ್ಟು ಇಳಿದು ಹೋದ ಮೇಲೆ, ಯಂತ್ರದ ಸುತ್ತ ನಾಲ್ಕು ಕಡೆ ಹಗ್ಗ ಎಳೆದು ನಾಲ್ಕು ಒದ್ದೆ ಬೆಡ್‌ಶೀಟು ಇಳಿಬಿಟ್ಟರು. ಒಣಗದ ಹಾಗೆ ಬಕೆಟ್ಟು ಹೊತ್ತುಕೊಂಡು ಹೋಗಿ ನೀರು ಚಿಮುಕಿಸಿದರು. ಸುತ್ತಲ ನೆಲವನ್ನೂ ತೊಳೆದರು. ಮರುದಿನ ಬೆಳಗ್ಗೆ ಐದಕ್ಕೆ ಎದ್ದು ಬಟ್ಟೆ ಬಿಚ್ಚಿ ಮಡಿಸಿಟ್ಟರು. ಯಾರಾದರೂ ಬರುವ ಹೊತ್ತಿಗೆ ಹಗ್ಗದ ಮೇಲೆ ಬಟ್ಟೆ ನೇತಾಡಬಾರದೆಂಬುದು ಅವರ ಮೂವತ್ತೊಂದು ವರ್ಷದ ಶಿಸ್ತು.

ಆರಕ್ಕೆ ಬಂದ ಕಾಗದದವನು ಕಾಗದ ತೆಗೆದು ನೋಡಿ ಬೆರಗಾದ. “ಅಕ್ಕಾ, ಇದೇನು, ಒಳ್ಳೆ ಮದುವೆ ಕಾಗದ ಇದ್ದ ಹಾಗಿದೆ! ಬೇರೆ ಕಡೆ ತೆಗೆಯೋವೆಲ್ಲ ಒಲೆ ಒರೆಸಿದ ಬಟ್ಟೆ.”

“ಮನೆ ಅಂದ್ರೆ ಹಾಗಿರಬೇಕಪ್ಪಾ,” ಎಂದರು ಅಕ್ಕ. ಮತ್ತೇನೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಹೆಂಗಸು ಏನು ಒಗೆದಳು, ಎಲ್ಲಿ ಒಣಹಾಕಿದಳು ಎಂದು ಇದುವರೆಗೆ ಯಾವ ಇಲಾಖೆಯೂ ಕೇಳಿದ್ದಿಲ್ಲ. ಕೇಳದ್ದನ್ನು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

ಹೀಗೆ ನಾಲ್ಕು ವರ್ಷ. ವಾರಕ್ಕೆ ಎರಡು ದಿನ, ದಿನಕ್ಕೆ ನಾಲ್ಕು ಬಾರಿ, ಬಾರಿಗೆ ಎರಡು ಬಕೆಟ್ಟು.

ಬಸ್ ನಿಲ್ದಾಣದ ಫಲಕ ಹಸಿರಾಯಿತು, ಹಸಿರಾಗಿಯೇ ಉಳಿಯಿತು. ಎರಡನೆಯ ವರ್ಷ ನಮ್ಮ ಬೀದಿಯ ಬಾಯಲ್ಲಿ ಒಂದು ಕಲ್ಲಿನ ಫಲಕ ನೆಟ್ಟರು: ‘ಊರಿಗೇ ಒಳ್ಳೆಯ ಗಾಳಿಯ ಬೀದಿ’. ಅದನ್ನು ನೆಡುವ ದಿನ ಧೂಳು ಎಷ್ಟಿತ್ತೆಂದರೆ ಭಾಷಣ ಮಾಡಿದವರು ಮೂರು ಸಲ ನಿಲ್ಲಿಸಿ ಕೆಮ್ಮಿದರು. ನಾವು ಚಪ್ಪಾಳೆ ತಟ್ಟಿದೆವು. ಧೂಳು ಕಣ್ಣಿಗೆ ಕಾಣುತ್ತಿತ್ತು ನಿಜ. ಆದರೆ ಕಣ್ಣಿಗಿಂತ ತಕ್ಕಡಿ ದೊಡ್ಡದಲ್ಲವೇ? ನಮ್ಮಲ್ಲೇ ಇಷ್ಟಿದ್ದ ಮೇಲೆ ಬೇರೆ ಬೀದಿಯವರ ಪಾಡು ಏನಿರಬಹುದೋ ಪಾಪ, ಎಂದು ಮರುಕಪಟ್ಟೆವು. ಅಕ್ಕ ಆ ಕಲ್ಲನ್ನು ಪ್ರತಿ ಶನಿವಾರ ಒದ್ದೆ ಬಟ್ಟೆಯಿಂದ ಒರೆಸತೊಡಗಿದರು.

ಗಾಳಿ ಒಳ್ಳೆಯದೆಂದು ಗೊತ್ತಾದ ಮೇಲೆ ಜನ ಬಂದರು. ಜನಕ್ಕೆ ಕಟ್ಟಡಗಳು ಬಂದವು, ಕಟ್ಟಡಗಳಿಗೆ ಲಾರಿಗಳು, ಲಾರಿಗಳಿಗೆ ಇನ್ನಷ್ಟು ರಸ್ತೆ. ಕಟ್ಟಡದವರ ಜಾಹೀರಾತಿನಲ್ಲಿ ನಮ್ಮ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದರು. ನಗರಪಾಲಿಕೆಯಲ್ಲಿ ಒಂದು ನಿಯಮವಿತ್ತು: ಸಂಖ್ಯೆ ಇಷ್ಟಕ್ಕಿಂತ ಮೇಲಿರುವ ಬಡಾವಣೆಗಳಲ್ಲಿ ಹೊಸದಾಗಿ ಧೂಳೆಬ್ಬಿಸುವ ಉದ್ಯಮಕ್ಕೆ ಅನುಮತಿಯಿಲ್ಲ. ಉಳಿದೆಲ್ಲ ಬಡಾವಣೆಗಳೂ ಆ ಗೆರೆ ದಾಟಿದ್ದವು. ನಮ್ಮಲ್ಲಿ ಮಾತ್ರ, ಅಧಿಕಾರಿಯೊಬ್ಬರು ಹೇಳಿದ ಹಾಗೆ, ಗಾಳಿಯಲ್ಲಿ ಇನ್ನೂ ಜಾಗ ಇತ್ತು.

ಆ ಹೊತ್ತಿಗೆ ಅಕ್ಕನಿಗೆ ಕೆಮ್ಮು ಶುರುವಾಗಿ ವರ್ಷ ದಾಟಿತ್ತು. ಮೊದಲು ಬೆಳಗಿನ ಕೆಮ್ಮು, ಆಮೇಲೆ ಮೆಟ್ಟಿಲಿನ ಕೆಮ್ಮು, ಆಮೇಲೆ ಮಾತಿನ ಕೆಮ್ಮು. ಉಸಿರಿನ ಕೊನೆಯಲ್ಲಿ ಸಣ್ಣದೊಂದು ಸಿಳ್ಳೆ. ಅಕ್ಕನ ತಂಗಿ ದೂರದ ಕಡಲ ದಂಡೆಯ ಸಣ್ಣ ಊರಿನಲ್ಲಿದ್ದವಳು. ಫೋನು ಮಾಡಿದಾಗೆಲ್ಲ, “ಅಕ್ಕಾ, ಹಿಂದಿನ ಕೋಣೆ ಖಾಲಿ ಬಿದ್ದಿದೆ, ಕಿಟಕಿ ತೆಗೆದರೆ ಸಮುದ್ರ. ಭಾವನ್ನ ಕರಕೊಂಡು ಬಂದು ಬಿಡು,” ಎನ್ನುತ್ತಿದ್ದಳು. ಅಕ್ಕನಿಗೆ ಹೋಗುವ ಆಸೆ ಇತ್ತು. ಆ ಕೋಣೆಯ ಕಿಟಕಿಗೆ ಪರದೆ ಎಷ್ಟು ಉದ್ದ ಬೇಕೆಂದು ತಂಗಿಯನ್ನು ಕೇಳಿ ಚೀಟಿಯಲ್ಲಿ ಬರೆದುಕೊಂಡೂ ಇದ್ದರು.

ಡಾಕ್ಟರು ಎದೆಗೆ ಕಿವಿಗೊಳವೆ ಇಟ್ಟು ತುಂಬ ಹೊತ್ತು ಕೇಳಿದರು. “ಧೂಳಿನಿಂದ ದೂರ ಇರಬೇಕಮ್ಮಾ ನೀವು. ಆಗೋದಾದ್ರೆ ಊರೇ ಬಿಟ್ಟು ಹೋಗಿ. ಎಲ್ಲಿ ನಿಮ್ಮನೆ?”

ತಕ್ಕಡಿಯವರು ಬೀದಿಯ ಹೆಸರು ಹೇಳಿದರು.

“ಓ, ಅಲ್ಲೇನಾ? ಹಾಗಾದ್ರೆ ಎಲ್ಲಿಗೂ ಹೋಗಬೇಡಿ. ನಾನೇ ಅಲ್ಲಿ ಮನೆ ಹುಡುಕ್ತಾ ಇದ್ದೀನಿ. ಇದು ಹಳೇದು, ಆಸ್ಪತ್ರೆಯ ಸೋಡಾಪುಡಿ, ಬ್ಲೀಚು. ಮಾತ್ರೆ ತಗೊಳ್ಳಿ, ತಾರಸಿ ಮೇಲೆ ಓಡಾಡಿ, ಒಳ್ಳೆ ಗಾಳಿ ಕುಡೀರಿ.”

ಮನೆಗೆ ಬಂದ ಮೇಲೆ ಅಕ್ಕ ಕೇಳಿದರು: “ಏನ್ರೀ, ಒಂದು ತಿಂಗಳ ಮಟ್ಟಿಗಾದರೂ ಹೋಗಿ ಬರೋಣ್ವಾ?”

“ಡಾಕ್ಟರೇ ಬೇಡ ಅಂದ್ರಲ್ಲೇ. ನಂಬರೂ ಅದನ್ನೇ ಹೇಳ್ತಿದೆ. ಇವತ್ತು ನಲವತ್ತೊಂದು. ನಿನ್ನ ತಂಗಿ ಊರಲ್ಲಿ ಗಾಳಿ ತೂಗಿದವರು ಯಾರು? ಸುಮ್ಮನೆ ಸಮುದ್ರ ಇದೆ ಅಂತ ನಂಬಿ ಹೋಗೋಕಾಗುತ್ತಾ?”

ಅಕ್ಕ ಪರದೆಯ ಚೀಟಿಯನ್ನು ಕಪಾಟಿನಲ್ಲಿಟ್ಟರು. ಡಾಕ್ಟರು ಹೇಳಿದಂತೆ ತಾರಸಿಯ ಮೇಲೆ ಓಡಾಡುವುದನ್ನೂ ಹೆಚ್ಚಿಸಿದರು.

ಕಾಂಕ್ರೀಟ್ ಕಲಸುವ ಪ್ಲಾಂಟಿನ ವಿಚಾರ ಬಂದದ್ದು ಆಮೇಲೆ. ಬೀದಿಯ ಕೊನೆಯಲ್ಲಿ ಕೆರೆ ಇದ್ದ ಜಾಗದಲ್ಲಿ, ಅಂದರೆ ಈಗ ಕೆರೆ ಎಂಬ ಹೆಸರಿನ ಬಸ್ ನಿಲ್ದಾಣದ ಹಿಂದೆ, ಸಿಮೆಂಟು, ಮರಳು, ಜಲ್ಲಿ ಕಲಸಿ ಇಡೀ ನಗರಕ್ಕೆ ಕಳಿಸುವ ಪ್ಲಾಂಟು. ದಿನಕ್ಕೆ ನಾನೂರು ಲಾರಿ. ಅನುಮತಿ ಕೊಡುವ ಮುಂಚೆ ಬೀದಿಯವರ ಮಾತು ಕೇಳಲು ಶಾಲೆಯ ಸಭಾಂಗಣದಲ್ಲಿ ಸಭೆ ಎಂದು ನೋಟಿಸು ಅಂಟಿಸಿದರು. ನೋಟಿಸು ಅಂಟಿಸಿದ ಎರಡು ದಿನಕ್ಕೆ ಅದರ ಮೇಲೆ ಬರೆದದ್ದು ಕಾಣುತ್ತಿರಲಿಲ್ಲ. ಅಕ್ಕ ಒರೆಸಿದ ಮೇಲೆ ಕಂಡಿತು.

ಸಭೆಗೆ ಹತ್ತು ದಿನ ಇರುವಾಗ, ಒಂದು ಸೋಮವಾರ ಮಧ್ಯಾಹ್ನ, ತಕ್ಕಡಿಯವರಿಗೆ ಮೇಲೆ ಬಕೆಟ್ಟು ಬಿದ್ದ ಸದ್ದು ಕೇಳಿಸಿತು. ಆಮೇಲೆ ಕೆಮ್ಮು. ಆಮೇಲೆ ಕೆಮ್ಮೂ ಇಲ್ಲ. ಅವರು ಮಂಡಿಗಳನ್ನು ಬೈದುಕೊಳ್ಳುತ್ತ, ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಊರುತ್ತ, ನಾಲ್ಕು ವರ್ಷದಲ್ಲಿ ಮೊದಲ ಸಲ ತಾರಸಿ ಹತ್ತಿದರು.

ನಾಲ್ಕು ಬೆಡ್‌ಶೀಟುಗಳು ಗೋಡೆಯ ಹಾಗೆ ಇಳಿಬಿದ್ದಿದ್ದವು, ಹಾಲುಬಿಳಿಯಾಗಿರಬೇಕಾದವು, ಹೊರಮೈಯೆಲ್ಲ ಬೂದು. ನೀರು ತೊಟ್ಟಿಕ್ಕುತ್ತಿತ್ತು. ಒಳಗಡೆ ಯಂತ್ರ, ಒಳ್ಳೆಯ ಆಸ್ಪತ್ರೆಯ ಒಳ್ಳೆಯ ರೋಗಿಯ ಹಾಗೆ, ನೆಮ್ಮದಿಯಾಗಿ ಗುಂಯ್‌ಗುಡುತ್ತ ಉಸಿರಾಡುತ್ತಿತ್ತು. ಹೊರಗಡೆ ಅಕ್ಕ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಕೈಯಲ್ಲಿ ಚೊಂಬು ಹಿಡಿದು, ಬಾಯಿ ತೆರೆದು, ಗಾಳಿಗಾಗಿ ಹುಡುಕುತ್ತಿದ್ದರು.

“ಏನೇ ಇದು?”

“ಏನಿಲ್ಲ, ಸ್ವಲ್ಪ ಕೂತೆ... ನೀವ್ಯಾಕೆ ಹತ್ತಿದ್ರಿ?”

“ಇದೇನು ಅಂದೆ. ಈ ಬಟ್ಟೆ.”

“ಧೂಳು ಅಲ್ವೇನ್ರೀ... ಪಾಪ, ಅದೂ ಉಸಿರಾಡುತ್ತೆ.”

“ಎಷ್ಟು ದಿನದಿಂದ?”

“ಅಯ್ಯೋ, ಆಗಿನಿಂದಲೂ. ದಿಂಬಿನ ಕವರು ಹಾಳಾಯ್ತಲ್ಲ, ಆವತ್ತಿನಿಂದ.” ಉಸಿರು ಎಳೆದುಕೊಂಡು, ಸ್ವಲ್ಪ ಹೆಮ್ಮೆಯಿಂದ ಸೇರಿಸಿದರು: “ಇಲ್ಲದಿದ್ರೆ ಆ ಕಲ್ಲು ಸುಮ್ಮನೆ ನೆಟ್ಟರಾ?”

ಸುಳ್ಳು ತಕ್ಕಡಿಯನ್ನು ತಕ್ಕಡಿಯವರು ದೂರದಿಂದಲೇ ಗುರುತಿಸುತ್ತಿದ್ದರು. ತಟ್ಟೆಯ ಕೆಳಗೆ ಅಂಟಿಸಿದ ಮೇಣ, ಟೊಳ್ಳು ಮಾಡಿದ ಕಲ್ಲು, ಕಡ್ಡಿಗೆ ಕಟ್ಟಿದ ದಾರ, ಮೂವತ್ತಾರು ವರ್ಷದಲ್ಲಿ ಅವರು ನೋಡದ ಕೈಚಳಕವಿರಲಿಲ್ಲ. ಇದನ್ನೂ ಒಂದೇ ನೋಟಕ್ಕೆ ಓದಿದರು. ಹಸಿರು ದೀಪ, ಕಲ್ಲಿನ ಫಲಕ, ಹದಿನೆಂಟು ಅಂತಸ್ತು, ಡಾಕ್ಟರ ಮಾತು, ಕಪಾಟಿನಲ್ಲಿಟ್ಟ ಪರದೆಯ ಚೀಟಿ, ಎಲ್ಲವೂ ಆ ನಾಲ್ಕು ಬಟ್ಟೆಗಳಿಂದ ಇಳಿಬಿದ್ದಿದ್ದವು. ಹೇಳಲು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಮುಚ್ಚಿದರು.

“ಇಲಾಖೆಯಿಂದ ಆರ್ಡರ್ ಬಂದಿದೆ,” ಎಂದರು. “ಇನ್ಮೇಲೆ ತಾರಸಿ ಮೇಲೆ ಬಟ್ಟೆ ಹಾಕೋ ಹಾಗಿಲ್ಲವಂತೆ.”

“ಯಾಕಂತೆ?”

“ಅವರಿಗೇನು, ಆರ್ಡರ್ ಹಾಕಿದ್ರಾಯ್ತು.”

“ಕೈಗೆ ಬಂದ ಒಳ್ಳೇದನ್ನ ಉಳಿಸ್ಕೊಳ್ಳೋಕೂ ಗೊತ್ತಾಗಲ್ಲ ಅವರಿಗೆ,” ಎಂದು ಅಕ್ಕ ಬೇಸರಪಟ್ಟುಕೊಂಡರು.

ಆ ಗುರುವಾರ ಯಂತ್ರ ಮೊದಲ ಬಾರಿ ನಾವು ಉಸಿರಾಡುವ ಗಾಳಿಯನ್ನೇ ಉಸಿರಾಡಿತು. ಮರುದಿನ ಕಾಗದ ತೆಗೆದ ಕಾಗದದವನು ಮೇಲಿಂದಲೇ ಕೂಗಿದ: “ಸಾರ್! ಏನಾಯ್ತು ಸಾರ್ ಇದಕ್ಕೆ?” ಕಾಗದ ಛೀಯನ್ನೂ ದಾಟಿತ್ತು. ಸಂಖ್ಯೆ ಇನ್ನೂರಾ ಹನ್ನೆರಡು. ಬಸ್ ನಿಲ್ದಾಣದ ಫಲಕ ನಡೆಸುವವರಿಗೆ ನಂಬಿಕೆ ಬರಲಿಲ್ಲ; ದೀಪ ಕೆಟ್ಟಿದೆಯೆಂದು ಆರಿಸಿ, ‘ದುರಸ್ತಿಯಲ್ಲಿದೆ’ ಎಂದು ಬೋರ್ಡು ತೂಗುಹಾಕಿದರು. ಮುಂದಿನ ಸೋಮವಾರ ಇನ್ನೂರಾ ಮೂವತ್ತು. ಇಲಾಖೆಯಿಂದ ಇಬ್ಬರು ಬಂದು ಮೋಟಾರು ಬಿಚ್ಚಿ, ನೋಡಿ, ಮತ್ತೆ ಜೋಡಿಸಿದರು.

“ಮೆಷಿನ್ ಸರಿಯಾಗೇ ಇದೆ ಸಾರ್,” ಎಂದ ಒಬ್ಬ. “ನಮಗೆ ಅನುಮಾನ ಬಂದಿರೋದೇ ಅದಕ್ಕೆ.”

ಇದು ಹೀಗೇ ಬಿಟ್ಟರೆ ಏನಾಗುತ್ತದೆಂದು ತಕ್ಕಡಿಯವರಿಗೆ ಗೊತ್ತಿತ್ತು. ಎರಡು ಸಂಖ್ಯೆಯನ್ನು ಕೆಟ್ಟ ಯಂತ್ರದ ಲೆಕ್ಕಕ್ಕೆ ಹಾಕಿ, ನಾಲ್ಕು ವರ್ಷದ ಹಸಿರನ್ನೇ ಹಿಡಿದು ಪ್ಲಾಂಟಿಗೆ ಸಹಿ ಹಾಕುತ್ತಾರೆ. ಹಸಿರು ಯಾಕೆ ಹಸಿರಾಗಿತ್ತೆಂದು ಯಾರಾದರೂ ಎದ್ದು ಹೇಳಬೇಕು. ಆ ಪ್ಲಾಂಟು ಬಂದರೆ ಹೆಂಡತಿ ಇನ್ನೊಂದು ವರ್ಷ ಕಾಣುವುದಿಲ್ಲವೆಂಬುದನ್ನು ತಿಳಿಯಲು ಅವರಿಗೆ ಕಿವಿಗೊಳವೆ ಬೇಕಿರಲಿಲ್ಲ. ರಾತ್ರಿ ಪಕ್ಕದಲ್ಲಿ ಮಲಗಿ ಆ ಸಿಳ್ಳೆ ಕೇಳುತ್ತಿದ್ದರಲ್ಲ.

ಸಭೆಗೆ ಅಕ್ಕ ತಾನೂ ಬರುತ್ತೇನೆಂದು ಹಟ ಹಿಡಿದರು. ಹಾಲುಬಿಳಿ ಬಟ್ಟೆ ತೊಟ್ಟು, ನಾಲ್ಕು ಕಡೆ ನಿಂತು ಸುಧಾರಿಸಿಕೊಂಡು, ಸಭಾಂಗಣದ ಮೊದಲ ಸಾಲಿನಲ್ಲಿ ಕೂತರು. ಕುರ್ಚಿಯನ್ನು ಒರೆಸಿ ಕೂತರು. ಅಧ್ಯಕ್ಷತೆ ವಹಿಸಿದ್ದವರು ಕನ್ನಡಕವನ್ನು ನೆತ್ತಿಯ ಮೇಲಿಟ್ಟುಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಹಿರಿಯ ಅಧಿಕಾರಿ. ಪ್ಲಾಂಟಿನ ಕಡೆಯಿಂದ ಬಂದಿದ್ದ ಮ್ಯಾನೇಜರು ಬಹಳ ಮರ್ಯಾದಸ್ಥ ಮನುಷ್ಯ. ಅಕ್ಕ ಕೆಮ್ಮಿದಾಗ ಎದ್ದು ಬಂದು ನೀರಿನ ಬಾಟಲಿ ಕೊಟ್ಟುಹೋದ.

ತಕ್ಕಡಿಯವರು ಎದ್ದು ನಿಂತರು. ಮಾದರಿ ಕಲ್ಲು ಎತ್ತುವವರ ಹಾಗೆ ಕರವಸ್ತ್ರದಿಂದ ಕೈ ಒರೆಸಿಕೊಂಡರು. “ಆ ನಾಲ್ಕು ವರ್ಷದ ಸಂಖ್ಯೆ ಸುಳ್ಳು. ಯಂತ್ರದ ಸುತ್ತ ಒದ್ದೆ ಬಟ್ಟೆ ಕಟ್ಟಿತ್ತು. ಧೂಳೆಲ್ಲ ಬಟ್ಟೆಗೆ ಹೋಗ್ತಿತ್ತು, ಕಾಗದಕ್ಕೆ ಬರ್ತಿರಲಿಲ್ಲ. ಈಗ ಬರ್ತಿರೋದೇ ನಿಜವಾದ ಸಂಖ್ಯೆ.”

ಅಧ್ಯಕ್ಷರು ಕೇಳಿದರು: “ಬಟ್ಟೆ ಕಟ್ಟಿದ್ದು ಯಾರು?”

ತಕ್ಕಡಿಯವರು ಮೊದಲ ಸಾಲಿನ ಕಡೆ ನೋಡಲಿಲ್ಲ. “ನಾನು,” ಎಂದರು.

ಟೈಲರು ನನ್ನ ಕಿವಿಯಲ್ಲಿ, “ಇವರಾ? ಇವರು ಒಂದು ಕರವಸ್ತ್ರ ಒಗೆದದ್ದನ್ನೂ ನಾನು ಕಂಡಿಲ್ಲ,” ಎಂದ.

ಮ್ಯಾನೇಜರು ವಿನಯದಿಂದ ಎದ್ದ. “ಸಾರ್, ತಾವು ತೂಕದ ಇಲಾಖೇಲಿ ಇದ್ದವರು ಅಂತ ಕೇಳಿದೆ. ಎಷ್ಟು ವರ್ಷ ಸಾರ್?”

“ಮೂವತ್ತಾರು.”

“ತಮ್ಮಿಂದ ತಿಳ್ಕೊಳ್ಳೋಣ ಅಂತ ಕೇಳ್ತೀನಿ, ತಪ್ಪು ತಿಳೀಬೇಡಿ. ಒಂದು ಅಂಗಡಿ ತಕ್ಕಡಿ ನಿನ್ನೆ ಒಂದು ತೂಕ ತೋರಿಸ್ತು, ಇವತ್ತು ಅದರ ಐದರಷ್ಟು ತೋರಿಸ್ತು. ಅಂಗಡಿಯವನೇ ಬಂದು, ನಿನ್ನೆವರೆಗೂ ನಾನೇ ಕೈ ಹಾಕಿದ್ದೆ, ಇವತ್ತಿಂದ ಹಾಕ್ತಿಲ್ಲ ಅಂದ. ತಾವಾಗಿದ್ರೆ ಏನು ಮಾಡ್ತಿದ್ರಿ?”

“ಜಪ್ತಿ,” ಎಂದರು ತಕ್ಕಡಿಯವರು. ಯೋಚಿಸಲೂ ಇಲ್ಲ. ಮೂವತ್ತಾರು ವರ್ಷ ಯೋಚಿಸದೆ ಹೇಳಿದ್ದ ಮಾತು.

“ಇವತ್ತಿನ ತೂಕವನ್ನ ನಂಬ್ತಿದ್ರಾ?”

ತಕ್ಕಡಿಯವರು ಕರವಸ್ತ್ರ ತೆಗೆದು ಮತ್ತೆ ಕೈ ಒರೆಸಿಕೊಂಡರು. ಹೌದು ಎಂದುಬಿಡಿ ಎಂದು ನಾವೆಲ್ಲ ಮನಸ್ಸಿನಲ್ಲೇ ಕೂಗುತ್ತಿದ್ದೆವು. ಆದರೆ ಆ ಸಭೆಯಲ್ಲಿ ಆಗಲೇ ಒಂದು ಸುಳ್ಳು ಹೇಳಿದ್ದರು, ಇನ್ನೊಂದು ಅವರಲ್ಲಿರಲಿಲ್ಲ.

“ಇಲ್ಲ,” ಎಂದರು. “ಕೈ ಹಾಕಿದವನ ಮಾತು ತಗೊಳ್ಳೋ ಹಾಗಿಲ್ಲ.”

“ಧನ್ಯವಾದ ಸಾರ್,” ಎಂದು ಮ್ಯಾನೇಜರು ಕೂತ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಅಷ್ಟು ಹೇಳಲೇಬೇಕು.

ಅಧ್ಯಕ್ಷರ ಆದೇಶ ಅರ್ಧ ಪುಟದ್ದು. ಕೈಚಳಕ ನಡೆದ ಜಾಗವೆಂದು ಒಪ್ಪಿಕೊಂಡಿರುವುದರಿಂದ ಅಲ್ಲಿನ ಇತ್ತೀಚಿನ ಸಂಖ್ಯೆಗಳನ್ನು ಪರಿಗಣಿಸುವಂತಿಲ್ಲ. ಹಾಗಾದರೆ ಹಳೆಯವು ಎಂದು ಟೈಲರು ಎದ್ದು ಕೇಳಿದ. ಹಳೆಯವು ವಾರ್ಷಿಕ ವರದಿಯಲ್ಲಿ ಚಿತ್ರ ಸಮೇತ ಅಚ್ಚಾಗಿಬಿಟ್ಟಿವೆ, ಅಚ್ಚಾದದ್ದನ್ನು ತೆಗೆಯಲು ಅವಕಾಶವಿಲ್ಲ, ಎಂದರು ಅಧ್ಯಕ್ಷರು, ಕನ್ನಡಕ ಹುಡುಕುತ್ತ.

ಮನೆಗೆ ಹೋಗುವಾಗ ಗಂಡಹೆಂಡಿರು ಪ್ರತಿ ದೀಪದ ಕಂಬಕ್ಕೂ ನಿಂತರು. ಟೈಲರೂ ನಾನೂ ಬೇಕೆಂದೇ ನಾಲ್ಕು ಹೆಜ್ಜೆ ಹಿಂದಿದ್ದೆವು. ಮೂರನೇ ಕಂಬದ ಹತ್ತಿರ ಅಕ್ಕ ಹೇಳಿದರು: “ನೀವು ಕಟ್ಟಿದ್ರಾ ಬಟ್ಟೆ? ನಿಮಗೆ ಒಂದು ಕ್ಲಿಪ್ಪು ಹಾಕೋಕೆ ಬರಲ್ಲ.”

“ಸುಮ್ಮನೆ ನಡಿಯೇ.”

“ಆರ್ಡರೂ ಸುಳ್ಳೇನಾ?”

“ಸುಳ್ಳೇ.”

ಮುಂದಿನ ಕಂಬಕ್ಕೆ ಬಂದರು. ಅಲ್ಲಿ ಅಕ್ಕ ನಗಲು ಹೋಗಿ ಕೆಮ್ಮಿದರು, ಕೆಮ್ಮು ನಿಂತ ಮೇಲೆ ಕಂಬ ಹಿಡಿದುಕೊಂಡು ಹೇಳಿದರು: “ನಾಲ್ಕು ವರ್ಷ ಆ ಡಬ್ಬಕ್ಕೆ ಸಮುದ್ರದ ಗಾಳಿ ಕೊಟ್ಟೆ ನೋಡ್ರೀ. ಅದೇ ಬಟ್ಟೆ ನಮ್ಮ ಮಂಚದ ಸುತ್ತ ಕಟ್ಟಿದ್ರೆ...” ತಕ್ಕಡಿಯವರು ಕರವಸ್ತ್ರ ತೆಗೆದು ಅಕ್ಕನ ಬಾಯಿ ಒರೆಸಿದರು, ಬರಿಗೈಯಿಂದ ಆಕೆಯ ಕೆನ್ನೆ ಹಿಡಿದುಕೊಂಡೇ.

ತಂಗಿಯ ಊರಿಗೆ ಹೋಗುವುದೆಂದು ಮಾರನೆಯ ದಿನವೇ ನಿರ್ಧಾರವಾಯಿತು. ಡಾಕ್ಟರು ಈ ಸಲ ಎದೆಯ ಚಿತ್ರ ತೆಗೆಸಿ ನೋಡಿ, ಹದಿನಾಲ್ಕು ಗಂಟೆಯ ಪ್ರಯಾಣ ಈ ಶ್ವಾಸಕೋಶಕ್ಕೆ ಆಗದು, ಸ್ವಲ್ಪ ಸುಧಾರಿಸಲಿ ಎಂದರು. ಅವರು ನಮ್ಮ ಬೀದಿಯಲ್ಲಿ ಮನೆ ಹುಡುಕುವುದನ್ನು ಬಿಟ್ಟಿದ್ದರು.

ಹಾಗಾಗಿ ತಕ್ಕಡಿಯವರು ಮಂಚದ ಸುತ್ತ ಹಗ್ಗ ಕಟ್ಟಿದರು. ನಾಲ್ಕು ಬೆಡ್‌ಶೀಟು ಒದ್ದೆ ಮಾಡಿ ಇಳಿಬಿಟ್ಟರು. ಮೊದಲ ದಿನ ಎರಡು ಬಿದ್ದವು. ಅಕ್ಕ ಒಳಗಿನಿಂದಲೇ ಹೇಳಿಕೊಟ್ಟರು: “ಅಂಚು ಮಡಚಿ, ಮಡಿಕೆ ಮೇಲೆ ಕ್ಲಿಪ್ಪು... ಅಯ್ಯೋ, ಆ ಕಡೆ ಅಲ್ರೀ.” ವಾರದೊಳಗೆ ಅವರಿಗೆ ಕೈ ಕುದುರಿತು. ದಿನಕ್ಕೆ ನಾಲ್ಕು ಬಾರಿ, ಬಾರಿಗೆ ಎರಡು ಬಕೆಟ್ಟು. ಸಂಜೆ ಬಟ್ಟೆ ಬಿಚ್ಚಿ ಅಕ್ಕನ ಮುಂದೆ ಹಿಡಿದು ಕೇಳುವರು: “ಇವತ್ತು?” ಅಕ್ಕ ಕಣ್ಣು ಕಿರಿದು ಮಾಡಿ ನೋಡಿ, “ಛೀ,” ಎನ್ನುವರು. ಇಬ್ಬರೂ ನಗುವರು. ಬೇಸಿಗೆಯಿಡೀ ಹೀಗೆ.

ಕೊನೆಕೊನೆಗೆ ಒಂದು ಸಂಜೆ, ಟೈಲರೂ ನಾನೂ ನೋಡಲು ಹೋಗಿದ್ದಾಗ, ತಕ್ಕಡಿಯವರು ಎಂದಿನಂತೆ ಬಟ್ಟೆ ಬಿಚ್ಚಿ ತಂದು ಹಿಡಿದರು. ಅದು ರಸ್ತೆಯ ಬಣ್ಣಕ್ಕಿತ್ತು. ಹಿಡಿದ ಅವರ ಕೈಗಳು ನೀರಿನಲ್ಲಿ ನೆನೆನೆನೆದು ಬಿಳಿಚಿಕೊಂಡಿದ್ದವು. ಅಕ್ಕ ಬಟ್ಟೆಯನ್ನು ನೋಡಿದರು, ಆಮೇಲೆ ಆ ಕೈಗಳನ್ನು ತುಂಬ ಹೊತ್ತು ನೋಡಿದರು.

“ಹಾಲುಬಿಳಿ,” ಎಂದರು.

ಯಂತ್ರವನ್ನು ನಗರದ ಹೊರಗಿನ ದೊಡ್ಡ ಉದ್ಯಾನದ ಕಾರಂಜಿಯ ಪಕ್ಕಕ್ಕೆ ಸಾಗಿಸಿದರು. ಬಸ್ ನಿಲ್ದಾಣದ ಫಲಕ ಈಗ ಅಲ್ಲಿಯ ಸಂಖ್ಯೆ ತೋರಿಸುತ್ತದೆ, ಹಸಿರಿನಲ್ಲಿ. ಪ್ಲಾಂಟು ಮಾರ್ಚಿನಲ್ಲಿ ಶುರುವಾಯಿತು. ಲಾಂಡ್ರಿ ಅಕ್ಕ ಆಗಸ್ಟಿನಲ್ಲಿ ತೀರಿಕೊಂಡರು.